ಯುಗಾದಿಯ ಹೊತ್ತಿಗೆ ಬಂದ ಜ್ವರ

ನಾನು ತಿಪಟೂರು ಸೀಮೆಯ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. 2017ರ ಬೇಸಿಗೆಯಲ್ಲಿ ನನಗೆ ಹಿಡಿದ ಕಾಯಿಲೆ ಏನೆಂದು ಗೊತ್ತಾಗಿದ್ದು 2018ರ ಬೇಸಿಗೆಯಲ್ಲಿ. ಅದು ಸಾರ್ಕಾಯ್ಡೋಸಿಸ್. ಅಷ್ಟರೊಳಗೆ ಅದನ್ನು ಚಿಕೂನ್‌ಗುನ್ಯಾ ಎಂದಿದ್ದರು, ವಾತ ಎಂದಿದ್ದರು, ಕೊನೆಗೆ ಕ್ಷಯ ಎಂದು ಮಾತ್ರೆಯನ್ನೂ ನುಂಗಿಸಿದ್ದರು. ಆ ವರ್ಷ ನಾನು ಪಟ್ಟ ಪಾಡನ್ನು ಬರೆಯಲು ಒಂದು ಕಾರಣವಿದೆ. ನನ್ನ ಕಾಯಿಲೆ ಯಾವ ತಿಂಗಳಲ್ಲಿ ಶುರುವಾಯಿತು ಎಂದು ಒಬ್ಬ ವೈದ್ಯರು ಕೇಳಿದ ಮೇಲೆಯೇ ದಾರಿ ತೆರೆದದ್ದು. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ಮೊದಲ ಬೇಸಿಗೆಯದು ಹೀಗೆ. ಯುಗಾದಿ ಆಗಿತ್ತು, ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಿತ್ತು. ಮೂರು ಗಂಟೆ ಕೊಠಡಿಯಲ್ಲಿ ಓಡಾಡಿ ಮನೆಗೆ ಬಂದರೆ ಎರಡೂ ಕಾಲ್ಗಿಣ್ಣು ಬಿಗಿದುಕೊಂಡ ಹಾಗೆ ಆಗುತ್ತಿತ್ತು. ನಿಂತು ಕೆಲಸ ಮಾಡುವವರಿಗೆ ಇದ್ದದ್ದೇ ಎಂದುಕೊಂಡೆ. ನಾಲ್ಕೈದು ದಿನಕ್ಕೆ ಕಾಲ್ಗಿಣ್ಣುಗಳು ಎಷ್ಟು ಊದಿದವೆಂದರೆ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಆಗಲಿಲ್ಲ. ಒಂದೇ ಕಾಲು ಆಗಿದ್ದರೆ ಉಳುಕಿರಬೇಕು ಅನ್ನಬಹುದಿತ್ತು. ಎರಡೂ ಒಟ್ಟಿಗೇ ಊದಿದ್ದವು, ಮುಟ್ಟಿದರೆ ಬೆಚ್ಚಗಿದ್ದವು.

ಆಮೇಲೆ ಗಂಟುಗಳು ಎದ್ದವು. ಮೊಣಕಾಲಿನಿಂದ ಕೆಳಗೆ, ಮೂಳೆಯ ಮುಂಭಾಗದಲ್ಲಿ, ಚರ್ಮದ ಒಳಗೆ. ಮೇಲಿನಿಂದ ನೋಡಿದರೆ ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಕಲೆ, ಬೆರಳಿಟ್ಟರೆ ಒಳಗೆ ಗಟ್ಟಿ. ಕೀವಿಲ್ಲ, ಬಾಯಿಲ್ಲ, ತುರಿಕೆಯಿಲ್ಲ. ಆದರೆ ಸೀರೆಯ ಅಂಚು ಸವರಿದರೂ ಜೀವ ಹೋಗುತ್ತಿತ್ತು. ರಾತ್ರಿ ಹೊದಿಕೆ ಕಾಲಿಗೆ ತಾಗದಿರಲೆಂದು ಎರಡು ದಿಂಬಿನ ಮೇಲೆ ಅದನ್ನು ಎತ್ತಿ ಕಟ್ಟಿ ಮಲಗುತ್ತಿದ್ದೆ. ಒಂದೆರಡು ವಾರ ಕಳೆದಂತೆ ಕೆಂಪು ಹೋಗಿ ನೀಲಿಯಾಯಿತು, ಆಮೇಲೆ ಹಸಿರು, ಹಳದಿ. ಪೆಟ್ಟು ಬಿದ್ದ ಜಾಗ ಮಾಗುವಾಗ ಬಣ್ಣ ಬದಲಾಗುವುದು ಹೀಗೆಯೇ. ಈ ಗಂಟುಗಳಿಗೆ ವೈದ್ಯರು ಎರಿಥೀಮಾ ನೋಡೋಸಮ್ ಅನ್ನುತ್ತಾರೆ ಎಂದು ತಿಳಿದದ್ದು ಒಂದು ವರ್ಷದ ಮೇಲೆ.

ನಮ್ಮ ಅತ್ತೆ ನೋಡಿ, "ಬಿಸಿಲಲ್ಲಿ ಓಡಾಡಿ ಉಷ್ಣ ಆಗೈತೆ ಕಣಮ್ಮ. ಲೋಳೆಸರದ ತಿರುಳು ಹಚ್ಚಿ ನೋಡು, ಮಜ್ಜಿಗೆ ಕುಡಿ" ಅಂದರು. ಹಚ್ಚಿದಾಗ ತಂಪೆನಿಸುತ್ತಿತ್ತು, ಅಷ್ಟೇ. ಸಂಜೆಯಾದರೆ ಜ್ವರ. ಊರಿನ ಡಾಕ್ಟರು ಕೀಲು ನೋವು, ಜ್ವರ ಎರಡನ್ನೂ ಕೇಳಿ ಚಿಕೂನ್‌ಗುನ್ಯಾ ಇರಬೇಕೆಂದು ನೋವಿನ ಮಾತ್ರೆ ಕೊಟ್ಟರು. ರಕ್ತಪರೀಕ್ಷೆಯಲ್ಲಿ ಚಿಕೂನ್‌ಗುನ್ಯಾ ಬರಲಿಲ್ಲ. ಇನ್ನೊಬ್ಬರು ವಾತ ಎಂದರು. ಅದರ ಪರೀಕ್ಷೆಯಲ್ಲೂ ಏನೂ ಬರಲಿಲ್ಲ. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಊತ ತಾನಾಗಿಯೇ ಇಳಿಯಿತು. ಶಾಲೆ ಶುರುವಾಯಿತು, ನಾನು ಮರೆತೆ. ಆಗ ಎದೆಯ ಎಕ್ಸ್‌ರೇ ಒಂದನ್ನು ಯಾರಾದರೂ ತೆಗೆಸಿದ್ದರೆ ಅಂದೇ ಗೊತ್ತಾಗುತ್ತಿತ್ತೋ ಏನೋ. ಕಾಲು ನೋವೆಂದು ಹೋದವಳಿಗೆ ಎದೆಯ ಎಕ್ಸ್‌ರೇ ಯಾರು ಬರೆಯುತ್ತಾರೆ?

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಅನ್ನುತ್ತಾರಲ್ಲ, 2018ರಲ್ಲಿ ಚಳಿ ಹೋಗುತ್ತಲೇ ಕೆಮ್ಮು ಬಂತು. ಒಣ ಕೆಮ್ಮು. ಬೋರ್ಡಿನ ಮೇಲೆ ಬರೆಯುತ್ತಾ ಮಾತಾಡಿದರೆ ಉಸಿರು ಸಾಲದು. ಮಾರ್ಚ್ ನಡುವೆ ಮತ್ತೆ ಸಂಜೆ ಜ್ವರ, ಮತ್ತೆ ಕಾಲ್ಗಿಣ್ಣು. ಈ ಸಲ ಬಲಗಣ್ಣೂ ಕೆಂಪಾಗಿ, ಬೆಳಕು ನೋಡಿದರೆ ಚುಚ್ಚುತ್ತಿತ್ತು. ಮದ್ರಾಸ್ ಐ ಎಂದು ಡ್ರಾಪ್ಸ್ ಕೊಟ್ಟರು. ತೂಕ ಇಳಿಯಿತು, ರವಿಕೆಗಳೆಲ್ಲ ಸಡಿಲವಾದವು. ಆಗ ಎಕ್ಸ್‌ರೇ ಆಯಿತು. ಎರಡೂ ಶ್ವಾಸಕೋಶದ ಬುಡದಲ್ಲಿ, ಉಸಿರುನಾಳ ಕವಲೊಡೆಯುವ ಕಡೆ, ದುಗ್ಧಗ್ರಂಥಿಗಳು ದಪ್ಪವಾಗಿ ಕಾಣುತ್ತಿದ್ದವು. ಶ್ವಾಸಕೋಶದಲ್ಲೂ ಅಲ್ಲಲ್ಲಿ ಚುಕ್ಕೆ.

"ಟಿ.ಬಿ. ಗಂಟು" ಅಂದರು.

ನನಗೆ ಆ ವೈದ್ಯರ ಮೇಲೆ ಕೋಪವಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ವರಿಗೊಬ್ಬರು ನಮ್ಮ ದೇಶದವರು. ಕೆಮ್ಮು, ಸಂಜೆ ಜ್ವರ, ತೂಕ ಇಳಿತ, ಊದಿದ ಗ್ರಂಥಿ, ಇಷ್ಟನ್ನೂ ಒಟ್ಟಿಗೆ ನೋಡಿದ ತಾಲ್ಲೂಕು ಡಾಕ್ಟರಿಗೆ ಮೊದಲು ಕ್ಷಯವೇ ನೆನಪಾಗಬೇಕು, ಅದೇ ಸರಿ. ಆದರೆ ಕಫ ಪರೀಕ್ಷೆಯಲ್ಲಿ ರೋಗಾಣು ಸಿಗಲಿಲ್ಲ. ಮುಂಗೈಗೆ ಚುಚ್ಚುವ ಮಾಂಟೂ ಪರೀಕ್ಷೆಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಕ್ಷಯದ ಸೋಂಕು ಇಷ್ಟು ಹರಡಿರುವ ದೇಶದಲ್ಲಿ ಆ ಪರೀಕ್ಷೆ ಪೂರ್ತಿ ಸಪ್ಪಗಿರುವುದೇ ಒಂದು ಸುಳಿವು. ಸಾರ್ಕಾಯ್ಡೋಸಿಸ್ ಇರುವ ಬಹಳ ಜನರಲ್ಲಿ ಅದು ಹಾಗೆ ಸಪ್ಪಗೆ ಬರುತ್ತದೆ. ಅಂದು ಅದನ್ನು ಯಾರೂ ಹಾಗೆ ಓದಲಿಲ್ಲ. ಕಫದಲ್ಲಿ ಸಿಗದಿದ್ದರೂ ಗಂಟಿನ ಟಿ.ಬಿ. ಇರುತ್ತದೆ ಎಂದು ಮಾತ್ರೆ ಶುರು ಮಾಡಿದರು.

ಆ ಮಾತ್ರೆ ನುಂಗಿದ ಮೊದಲ ದಿನ ಮೂತ್ರ ಕಿತ್ತಳೆ ಬಣ್ಣವಾಯಿತು. ಅದು ರಿಫಾಂಪಿಸಿನ್‌ನಿಂದ ಎಂದು ಪಾಠ ಮಾಡುವ ನನಗೂ ಗೊತ್ತಿತ್ತು. ಆದರೂ ನೋಡಿ ಕಾಲು ನಡುಗಿತು. ಮನೆಯಲ್ಲಿ ನನಗೊಂದು ತಟ್ಟೆ, ಒಂದು ಲೋಟ ಬೇರೆಯಾದವು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ದಿನ ನೋಡಿದರೆ ನನ್ನ ಲೋಟದ ಬುಡಕ್ಕೆ ಉಗುರಿನ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದರು. ನಮ್ಮೆದುರು ಮನೆಯ ಮಗು ದಿನಾ ಸಂಜೆ ನನ್ನ ಹತ್ತಿರ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿತ್ತು. ಅದು ಬರುವುದು ನಿಂತಿತು. ಆ ಚುಕ್ಕೆಯನ್ನು ನೆನೆದಾಗ ಇಂದಿಗೂ ಗಂಟಲು ಕಟ್ಟುತ್ತದೆ. ನನಗೆ ಕ್ಷಯ ಇರಲಿಲ್ಲ ಎಂಬ ಕಾರಣಕ್ಕಲ್ಲ. ಕ್ಷಯ ನಿಜವಾಗಿ ಇದ್ದವರು ಮಾತ್ರೆ ಶುರು ಮಾಡಿದ ಮೇಲೂ ತಿಂಗಳುಗಟ್ಟಲೆ ಹೀಗೆಯೇ ಬದುಕಬೇಕಲ್ಲ ಎಂದು.

ಮಾತ್ರೆಯ ಜೊತೆಗೆ ಇನ್ನೊಂದು ಆಯಿತು. ಮೈಯೆಲ್ಲ ನೋವು, ಸುಸ್ತು ಎಂದಿದ್ದಕ್ಕೆ ವಿಟಮಿನ್ ಡಿ ಪರೀಕ್ಷೆ ಮಾಡಿಸಿದರು. ಕಡಿಮೆ ಬಂತು. ವಾರಕ್ಕೊಂದು 60,000 ಯೂನಿಟ್‌ನ ಪುಡಿ ಹಾಲಿಗೆ ಹಾಕಿ ಕುಡಿಯಲು, ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ ನುಂಗಲು ಬರೆದರು. ಜೊತೆಗೆ ಬೆಳಗಿನ ಬಿಸಿಲಿಗೆ ಕೂರಬೇಕು. ನಾನು ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದೆ. ಹಿತ್ತಿಲ ತೆಂಗಿನ ಬುಡದಲ್ಲಿ ಕುರ್ಚಿ ಹಾಕಿಕೊಂಡು, ನೆರಳು ಸರಿದ ಹಾಗೆ ನಾನೂ ಬಿಸಿಲಿಗೆ ಸರಿಯುತ್ತಾ ಕೂರುತ್ತಿದ್ದೆ. ಮೂಳೆ ಗಟ್ಟಿಯಾಗಲಿ ಎಂದು ಅತ್ತೆ ಎರಡು ಹೊತ್ತೂ ರಾಗಿ ಮುದ್ದೆ, ರಾತ್ರಿ ಹಾಲು ಕೊಡುತ್ತಿದ್ದರು. ಕಾಯಿಲೆಯವಳನ್ನು ಪ್ರೀತಿಯಿಂದ ನೋಡಿಕೊಳ್ಳುವ ಮನೆಯಲ್ಲಿ ಮಾಡುವುದು ಇದನ್ನೇ ಅಲ್ಲವೆ?

ಏಪ್ರಿಲ್ ಕೊನೆಗೆ ಬಾಯಾರಿಕೆ ಹತ್ತಿತು. ಅದು ಬೇಸಿಗೆಯ ಬಾಯಾರಿಕೆಯಲ್ಲ. ಬಿಂದಿಗೆ ನೀರು ಹಾಸಿಗೆಯ ಪಕ್ಕ ಬೇಕು. ಕುಡಿದಷ್ಟೂ ಮೂತ್ರ. ಹೊಟ್ಟೆ ಕಟ್ಟಿತು, ಊಟ ಕಂಡರೆ ವಾಕರಿಕೆ. ಆಮೇಲೆ ಬುದ್ಧಿಗೆ ಮಂಕು ಕವಿಯಿತು. ಮೌಲ್ಯಮಾಪನದ ಕೆಲಸದಲ್ಲಿ ಜೊತೆಗಿದ್ದ ಟೀಚರೊಬ್ಬರು ಮನೆಗೆ ನೋಡಲು ಬಂದರು. ಹತ್ತು ವರ್ಷದಿಂದ ಬಲ್ಲವರು, ಅವರ ಹೆಸರು ನಾಲಿಗೆಗೆ ಬರಲಿಲ್ಲ. "ಯಾರ್ರೀ ಬಂದಿರೋದು?" ಎಂದು ನಾನು ನಮ್ಮ ಯಜಮಾನರನ್ನು ಕೇಳಿದೆನಂತೆ, ಅವರೆದುರಿಗೇ. ಕ್ಷಯ ಮೆದುಳಿಗೆ ಏರಿದೆ ಎಂದು ಹೆದರಿ ಅಂದೇ ರಾತ್ರಿ ನನ್ನನ್ನು ಕಾರಿನಲ್ಲಿ ಮಲಗಿಸಿಕೊಂಡು ಬೆಂಗಳೂರಿಗೆ ಹೊರಟರು.

ರಕ್ತದಲ್ಲಿ ಕ್ಯಾಲ್ಸಿಯಂ ಹತ್ತೂವರೆಯ ಒಳಗಿರಬೇಕು. ನನ್ನದು 13.8 ಇತ್ತು. ಕಿಡ್ನಿಯ ಕ್ರಿಯಾಟಿನಿನ್ ಎರಡು ದಾಟಿತ್ತು. ಎರಡು ದಿನ ಒಂದೇ ಸಮನೆ ಸಲೈನ್ ಹಾಕಿದರು. ಮೇ 12ರಂದು ರಾಜ್ಯವೆಲ್ಲ ವಿಧಾನಸಭೆಗೆ ಮತ ಹಾಕುತ್ತಿತ್ತು. ಚುನಾವಣಾ ಕೆಲಸಕ್ಕೆ ಹೋಗಬೇಕಾಗಿದ್ದ ನಾನು ವಾರ್ಡಿನಲ್ಲಿ ಮಲಗಿ ಪಕ್ಕದ ಹಾಸಿಗೆಯವರ ಬೆರಳಿನ ಶಾಯಿ ನೋಡುತ್ತಿದ್ದೆ.

ಅಲ್ಲಿ ಶ್ವಾಸಕೋಶದ ಹಿರಿಯ ವೈದ್ಯರೊಬ್ಬರು ಬಂದರು. ಫೈಲು ತೆರೆಯುವ ಮೊದಲು ಯಜಮಾನರ ಕಡೆ ತಿರುಗಿ, "ಇದೆಲ್ಲ ಮೊಟ್ಟಮೊದಲು ಶುರುವಾಗಿದ್ದು ಯಾವಾಗ? ತಿಂಗಳು ಹೇಳಿ" ಅಂದರು.

"ಈ ವರ್ಷ ಶಿವರಾತ್ರಿ ಆದ್ಮೇಲೆ ಸಾರ್."

"ಅದಕ್ಕೂ ಮುಂಚೆ ಏನೂ ಇರಲಿಲ್ವಾ?"

"ಹೋದ ವರ್ಷ ಕಾಲು ಊದಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಯುಗಾದಿ ಆಗಿ ಒಂದು ವಾರಕ್ಕೆ ಬಂದಿತ್ತು, ಮಳೆ ಬಂದ್ಮೇಲೆ ಹೋಯ್ತು."

ವೈದ್ಯರು ಹೊದಿಕೆ ಸರಿಸಿ ನನ್ನ ಕಣಕಾಲುಗಳ ಮೇಲೆ ಹೆಬ್ಬೆರಳು ಓಡಿಸಿದರು. ಅಲ್ಲಿ ಮಾಸಲು ಕಲೆಗಳು ಇನ್ನೂ ಇದ್ದವು. "ಸಂಬಂಧ ಇದೆ" ಅಂದರು. ಆಮೇಲೆ ಕಣ್ಣಿನ ವಿಭಾಗಕ್ಕೆ ಕಳಿಸಿದರು. ಮದ್ರಾಸ್ ಐ ಎಂದಿದ್ದ ಕಣ್ಣಿನ ನಡುಪದರದಲ್ಲಿ ಉರಿಯೂತವಿತ್ತು, ಯುವಿಯೈಟಿಸ್. ಇನ್ನಷ್ಟು ದಿನ ಬಿಟ್ಟಿದ್ದರೆ ದೃಷ್ಟಿಗೆ ಕುತ್ತು ಬರುತ್ತಿತ್ತು.

ಕ್ಯಾಲ್ಸಿಯಂ ಇಳಿದ ಮೇಲೆ ಗ್ರಂಥಿಯ ಚೂರು ತೆಗೆದರು. ಅರೆಮಂಪರು ಕೊಟ್ಟು, ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಇರುವ ಕೊಳವೆಯನ್ನು ಬಾಯಿಯಿಂದ ಉಸಿರುನಾಳಕ್ಕೆ ಇಳಿಸಿ, ಅದರೊಳಗಿನಿಂದಲೇ ಸೂಜಿ ಚುಚ್ಚುತ್ತಾರೆ. ಇಬಸ್ ಅನ್ನುತ್ತಾರೆ. ಗಂಟಲಿಗೆ ಹೊಡೆಯುವ ಮದ್ದಿನ ಕಹಿ, ಕೆಮ್ಮು ಬಂದರೂ ಕೆಮ್ಮಲಾಗದ ಸಂಕಟ, ಇಷ್ಟು ಬಿಟ್ಟರೆ ನನಗೆ ಹೆಚ್ಚೇನೂ ನೆನಪಿಲ್ಲ. ಚೂರಿನಲ್ಲಿ ಗ್ರಾನ್ಯುಲೋಮಗಳು ಸಿಕ್ಕವು. ಮೈಯ ರಕ್ಷಣೆಯ ಜೀವಕೋಶಗಳು ಒತ್ತಾಗಿ ಗುಂಪುಗೂಡಿ ಗಂಟಾಗುವುದೇ ಗ್ರಾನ್ಯುಲೋಮ. ಕ್ಷಯದಲ್ಲೂ ಅದೇ ಆಗುತ್ತದೆ, ಆದರೆ ಅಲ್ಲಿ ಸಾಮಾನ್ಯವಾಗಿ ಗಂಟಿನ ನಡುಭಾಗ ಕೊಳೆತು ಗಿಣ್ಣಿನಂತಾಗಿರುತ್ತದೆ. ನನ್ನದರಲ್ಲಿ ಕೊಳೆತ ಭಾಗವಿರಲಿಲ್ಲ, ರೋಗಾಣು ಇರಲಿಲ್ಲ, ವಾರಗಟ್ಟಲೆ ಕಾದು ನೋಡಿದ ಕಲ್ಚರ್‌ನಲ್ಲೂ ಏನೂ ಬೆಳೆಯಲಿಲ್ಲ. ಕ್ಷಯದ ಮಾತ್ರೆ ನಿಂತವು.

ಈ ಗಂಟುಗಳು ಯಾವ ಅಂಗದಲ್ಲಾದರೂ ಕೂರಬಹುದು. ಶ್ವಾಸಕೋಶ, ಗ್ರಂಥಿಗಳು ಹೆಚ್ಚು, ಚರ್ಮ, ಕಣ್ಣು ಆಮೇಲೆ. ಕೆಲವರಲ್ಲಿ ಹೃದಯ, ನರ. 1899ರಲ್ಲಿ ನಾರ್ವೆಯ ಚರ್ಮವೈದ್ಯ ಸೀಸರ್ ಬೋಕ್ ಚರ್ಮದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ. ಕಾಲ್ಗಿಣ್ಣು ಊತ, ಕಣಕಾಲಿನ ಗಂಟು, ಜ್ವರ, ಎದೆಯ ಗ್ರಂಥಿ, ಈ ನಾಲ್ಕೂ ಒಟ್ಟಾಗಿ ಬರುವ ಬಗೆಯನ್ನು ಸ್ವೀಡನ್ನಿನ ಸ್ವೆನ್ ಲೋಫ್‌ಗ್ರೆನ್ 1940ರ ದಶಕದಲ್ಲಿ ಗುರುತಿಸಿದ. ಅವನ ಹೆಸರೇ ಅದಕ್ಕೆ ನಿಂತಿದೆ. ಲೋಫ್‌ಗ್ರೆನ್ ಬಗೆ ಬಂದ ಹೆಚ್ಚಿನವರಲ್ಲಿ ಕಾಯಿಲೆ ಎರಡು ವರ್ಷದೊಳಗೆ ತಾನಾಗಿಯೇ ಮಾಯುತ್ತದೆ. ನನ್ನದು ಮಾಯಲಿಲ್ಲ.

ಕ್ಯಾಲ್ಸಿಯಂ ಯಾಕೆ ಏರಿತು ಎನ್ನುವುದನ್ನು ತಿಳಿದುಕೊಂಡಾಗ, ಪಾಠ ಹೇಳುವವಳಾಗಿ ನಾನು ಬೆರಗಾದೆ. ಬಿಸಿಲು ಚರ್ಮದ ಮೇಲೆ ಬಿದ್ದಾಗ ಹುಟ್ಟುವ ವಿಟಮಿನ್ ಡಿ ಹಾಗೆಯೇ ಕೆಲಸಕ್ಕೆ ಬರುವುದಿಲ್ಲ. ಯಕೃತ್ತಿನಲ್ಲಿ ಒಂದು ರೂಪ ಪಡೆದು, ಕಿಡ್ನಿಯಲ್ಲಿ ಕೊನೆಯ ರೂಪ ಪಡೆದ ಮೇಲೆಯೇ ಅದು ಕರುಳಿನಿಂದ ಕ್ಯಾಲ್ಸಿಯಂ ಹೀರಿಸುತ್ತದೆ. ಎಷ್ಟು ಬೇಕೋ ಅಷ್ಟೇ ಮಾಡಿ ನಿಲ್ಲಿಸುವ ಲಗಾಮು ಕಿಡ್ನಿಯಲ್ಲಿದೆ. ಸಾರ್ಕಾಯ್ಡೋಸಿಸ್‌ನ ಗಂಟುಗಳು ಆ ಕೊನೆಯ ಕೆಲಸವನ್ನು ತಾವೂ ಮಾಡುತ್ತವೆ, ಲಗಾಮಿಲ್ಲದೆ. ಸಿಕ್ಕಿದ ವಿಟಮಿನ್ನನ್ನೆಲ್ಲ ಕೊನೆಯ ರೂಪಕ್ಕೆ ತಿರುಗಿಸುತ್ತಾ ಹೋಗುತ್ತವೆ. ನಾವು ಲ್ಯಾಬಿನಲ್ಲಿ ಅಳೆಸುವುದು ಮೊದಲಿನ ರೂಪವನ್ನು. ಅದು ಖರ್ಚಾಗಿ ಹೋಗಿರುವುದರಿಂದ ಕಡಿಮೆ ಎಂದೇ ಬರುತ್ತದೆ. ರಿಪೋರ್ಟಿನಲ್ಲಿ ಕೊರತೆ, ಮೈಯೊಳಗೆ ವಿಪರೀತ. ಆ ಕೊರತೆಯನ್ನು ತುಂಬಲೆಂದು ಪುಡಿ, ಮಾತ್ರೆ, ಬಿಸಿಲು, ಹಾಲು, ಮುದ್ದೆ ಎಲ್ಲವೂ ಸೇರಿ ನನ್ನ ಕಿಡ್ನಿಯನ್ನು ಆ ಗತಿಗೆ ತಂದಿದ್ದವು. ಈ ಕಾಯಿಲೆಯವರ ಕ್ಯಾಲ್ಸಿಯಂ ಬಿಸಿಲುಕಾಲದಲ್ಲಿ ಏರುತ್ತದೆ ಎಂದು 1963ರಲ್ಲೇ ಅಮೆರಿಕದ ವೈದ್ಯರು ಬರೆದಿದ್ದಾರೆ.

"ರಾಗಿ ಸದ್ಯಕ್ಕೆ ಬೇಡ" ಅಂದರು ಆಹಾರ ಹೇಳಿಕೊಡುವಾಕೆ. ತಿಪಟೂರಿನವಳಿಗೆ ರಾಗಿ ಬೇಡ ಎಂದರೆ ಊಟವೇ ಬೇಡ ಎಂದ ಹಾಗೆ. ಆದರೆ ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ತೀರ ಅಲ್ಪ. ಅತ್ತೆಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೇ ಕೈಯಾರೆ ತಿನ್ಸಿದ್ನಲ್ಲಮ್ಮ" ಎಂದು ಅತ್ತರು. ತಿಳಿದು ಯಾರೂ ಮಾಡಿದ್ದಲ್ಲ ಎಂದು ನಾನೂ ಅವರೂ ಕೈ ಹಿಡಿದು ಕೂತೆವು. ಕ್ಯಾಲ್ಸಿಯಂ ಹತೋಟಿಗೆ ಬಂದ ಮೇಲೆ ಮುದ್ದೆ ನನ್ನ ತಟ್ಟೆಗೆ ಮರಳಿತು, ಗಾತ್ರ ಸಣ್ಣದಾಗಿ.

ಪ್ರೆಡ್ನಿಸೊಲೋನ್ 40 ಮಿಲಿಗ್ರಾಂನಿಂದ ಶುರುವಾಯಿತು. ಕ್ಯಾಲ್ಸಿಯಂ ಬೇಗ ಇಳಿಯಿತು, ಜ್ವರ ನಿಂತಿತು, ಒಂದು ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಉಸಿರು ಸಾಕಾಯಿತು. ಅದರ ಬೆಲೆಯೂ ಇತ್ತು. ಮುಖ ಗುಂಡಗಾಯಿತು, ಮೀಸೆಯ ಜಾಗದಲ್ಲಿ ರೋಮ ಬಂತು, ಸಕ್ಕರೆ ಏರಿತು, ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಕಾರಣವಿಲ್ಲದೆ ಮಕ್ಕಳ ಮೇಲೆ ರೇಗುತ್ತಿದ್ದೆ. ಮಾತ್ರೆಯನ್ನು ತಿಂಗಳುಗಟ್ಟಲೆ ಮೆಲ್ಲಗೆ ಇಳಿಸಬೇಕು, ಒಮ್ಮೆಲೇ ಬಿಡುವ ಹಾಗಿಲ್ಲ. ಮುಂದಿನ ಮಾರ್ಚಿನಲ್ಲಿ, ಇಳಿಸುತ್ತಾ ಐದಕ್ಕೆ ಬಂದಾಗ, ಕಣ್ಣು ಮತ್ತೆ ಕೆಂಪಾಯಿತು. ಆಗ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಸೇರಿಸಿದರು. ಭಾನುವಾರ ಅದನ್ನು ನುಂಗಿದರೆ ಸೋಮವಾರದ ಪ್ರಾರ್ಥನೆಗೆ ನಿಲ್ಲುವಾಗ ಹೊಟ್ಟೆ ತೊಳಸುತ್ತಿತ್ತು. ಶನಿವಾರ ಮಧ್ಯಾಹ್ನಕ್ಕೆ ಬದಲಿಸಿಕೊಂಡೆ.

ಮಾರ್ಚಿನಲ್ಲೇ ಯಾಕೆ ಎಂದು ವೈದ್ಯರನ್ನು ಕೇಳಿದೆ. ಅವರು ತಾಳ್ಮೆಯಿಂದ ಕೂತು ಹೇಳಿದರು. ಸ್ಪೇನ್, ಗ್ರೀಸ್ ಕಡೆ ಲೋಫ್‌ಗ್ರೆನ್ ಬಗೆ ವಸಂತದಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತದೆ. ಅಲ್ಲಿ ಅದು ಮಾರ್ಚಿನಿಂದ ಮೇ, ಜೂನ್. ಹಾಗಾದರೆ ಆ ತಿಂಗಳುಗಳಲ್ಲೇ ಏನೋ ಇದೆಯೆ? ನ್ಯೂಜಿಲೆಂಡಿನಲ್ಲಿ ನೋಡಿದಾಗ ಅಲ್ಲಿಯೂ ಕಾಲಿನ ಗಂಟಿನೊಂದಿಗೆ ಬರುವ ಸಾರ್ಕಾಯ್ಡೋಸಿಸ್ ವಸಂತದಲ್ಲೇ ಹೆಚ್ಚಿತ್ತು. ಆದರೆ ಭೂಮಧ್ಯರೇಖೆಯ ಆಚೆಯ ಆ ದೇಶದಲ್ಲಿ ವಸಂತ ಬರುವುದು ನಮ್ಮ ದಸರಾ, ದೀಪಾವಳಿಯ ಹೊತ್ತಿಗೆ. ತಿಂಗಳು ಬದಲಾದರೂ ಋತು ಬದಲಾಗಲಿಲ್ಲ. ನಮ್ಮ ದೇಶದಲ್ಲಿ ಚಂಡೀಗಢದ ವೈದ್ಯರು ತಮ್ಮ ರೋಗಿಗಳನ್ನು ಕೇಳಿ ನೋಡಿದಾಗ, ಲಕ್ಷಣಗಳು ಶುರುವಾದದ್ದು ಬೇಸಿಗೆಯಲ್ಲಿ ಹೆಚ್ಚು. ನಮಗೆ ವಸಂತವೂ ಬಿಸಿಲೂ ಒಟ್ಟಿಗೇ ಬರುತ್ತವಲ್ಲ.

ಕಾರಣವನ್ನು ಯಾರೂ ಇದೇ ಎಂದು ತೋರಿಸಿಕೊಟ್ಟಿಲ್ಲ. ಆ ಕಾಲಕ್ಕೆ ಹರಡುವ ಸೋಂಕು ಇರಬಹುದು, ಗಾಳಿಯಲ್ಲಿ ಬರುವ ಪರಾಗ, ಬೂಷ್ಟು, ಧೂಳು ಇರಬಹುದು, ಏರುವ ಬಿಸಿಲೂ ಅದರಿಂದ ಹೆಚ್ಚುವ ವಿಟಮಿನ್ ಡಿಯೂ ಇರಬಹುದು. ಹುಟ್ಟಿನಿಂದ ಬಂದ ಒಲವು ಇದ್ದವರ ಮೈಯೊಳಗೆ ಹೊರಗಿನಿಂದ ಏನೋ ಹೊಕ್ಕಾಗ ಇದು ಕೆರಳುತ್ತದೆ ಎಂಬುದರಲ್ಲಿ ವೈದ್ಯರಿಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರ ಕುಸಿದಾಗ ಆ ಧೂಳು ಕುಡಿದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಮುಂದಿನ ವರ್ಷಗಳಲ್ಲಿ ಸಾರ್ಕಾಯ್ಡೋಸಿಸ್ ಹೆಚ್ಚಾಗಿ ಕಂಡಿತು. ನಮ್ಮ ಕಡೆ ಮಾಗಿ ಮುಗಿದ ಮೇಲೆ ಹೊಂಗೆ, ಬೇವು, ಮಾವು ಎಲ್ಲ ಹೂ ಬಿಡುತ್ತವೆ, ರಸ್ತೆಯ ಧೂಳು ಏಳುತ್ತದೆ, ಹುಣಸೆ ಬಡಿಯುತ್ತಾರೆ. ನನ್ನದನ್ನು ಕೆರಳಿಸಿದ್ದು ಇವುಗಳಲ್ಲಿ ಯಾವುದು ಎಂದು ಹೇಳುವ ಪರೀಕ್ಷೆ ಇಲ್ಲ.

ಇನ್ನೊಂದನ್ನು ಅವರು ಒತ್ತಿ ಹೇಳಿದರು. ಋತುವಿನ ಈ ನಂಟು ಸ್ಪಷ್ಟವಾಗಿ ಕಾಣುವುದು ಥಟ್ಟನೆ ಎರಗುವ ಬಗೆಯಲ್ಲಿ. ಮೆಲ್ಲಗೆ ಬೆಳೆಯುವ ಬಗೆಯಲ್ಲಿ ಗಂಟುಗಳು ಎಷ್ಟೋ ಕಾಲ ಸದ್ದಿಲ್ಲದೆ ಕೂತಿರುತ್ತವೆ. ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ಸಿಕ್ಕಿಬೀಳುತ್ತವೆ. ಅಂಥವರಿಗೆ ಶುರುವಿನ ತಿಂಗಳು ಯಾವುದೆಂದು ಹೇಳುವುದೇ ಕಷ್ಟ. ಆಸ್ಪತ್ರೆಯ ಸಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಆಟೋ ಓಡಿಸುವ ಅಣ್ಣನೊಬ್ಬನಿಗೆ ಕಾಲು ಊದಲೇ ಇಲ್ಲ. ಅವನಿಗೆ ಧನುರ್ಮಾಸದ ಚಳಿಯಲ್ಲಿ ಕೆಮ್ಮು ಬಂದು ವರ್ಷಗಟ್ಟಲೆ ಉಳಿಯಿತು. ನನಗಿಂತ ಅವನ ಶ್ವಾಸಕೋಶ ಹೆಚ್ಚು ಹಾಳಾಗಿತ್ತು. ಆದ್ದರಿಂದ ಬೇಸಿಗೆಯಲ್ಲಿ ಬರದಿದ್ದರೆ ಇದಲ್ಲ ಎಂದು ಯಾರೂ ತಿಳಿಯಬಾರದು. ಋತು ಒಂದು ಸುಳಿವು. ತೀರ್ಮಾನ ಕೊಡುವುದು ಸೂಜಿಯಲ್ಲಿ ತೆಗೆದ ಚೂರು.

ಆದರೂ ಆ ಸುಳಿವು ನನ್ನ ಪಾಲಿಗೆ ಸಣ್ಣದಾಗಿರಲಿಲ್ಲ. ಎರಡು ಬೇಸಿಗೆಯ ಕಾಯಿಲೆ ಒಂದೇ ಎಂದು ಕಾಣಿಸಿದ್ದು ಅದು. ಕಾಲು ನೋಡಿದವರು ಎದೆಯನ್ನು ನೋಡಿರಲಿಲ್ಲ, ಎದೆ ನೋಡಿದವರು ಕಣ್ಣನ್ನು ಕೇಳಿರಲಿಲ್ಲ. ಕಣ್ಣಿಗೆ ಡ್ರಾಪ್ಸ್ ಕೊಟ್ಟವರಿಗೆ ಹಿಂದಿನ ವರ್ಷದ ಕಾಲಿನ ವಿಷಯ ಹೇಳಬೇಕೆಂದು ನನಗಾದರೂ ಹೇಗೆ ಹೊಳೆಯಬೇಕು? ಹಳ್ಳಿಗಾಡಿನಿಂದ ಬರುವ ನಾವು ದಿನಾಂಕ ಹೇಳುವುದಿಲ್ಲ. ಯುಗಾದಿ ಆದ ಮೇಲೆ, ಜಾತ್ರೆಗೆ ಮುಂಚೆ, ಹುಣಸೆ ಬಡಿಯುವಾಗ ಎನ್ನುತ್ತೇವೆ. ಅದನ್ನು ಬರೆದುಕೊಳ್ಳುವ ವೈದ್ಯರು ಕಡಿಮೆ. ಬರೆದುಕೊಂಡರೆ ಅದರಲ್ಲಿ ಎಷ್ಟೋ ಇದೆ ಎಂಬುದಕ್ಕೆ ನಾನೇ ಸಾಕ್ಷಿ.

ಈಗ ಮಾತ್ರೆಗಳು ನಿಂತಿವೆ. ಎದೆಯ ಗ್ರಂಥಿಗಳು ಕುಗ್ಗಿವೆ, ಶ್ವಾಸಕೋಶದಲ್ಲಿ ಒಂದಿಷ್ಟು ಗಾಯದ ಗುರುತು ಉಳಿದಿದೆ. ಕಿಡ್ನಿ ಪೂರ್ತಿ ಮೊದಲಿನಂತಾಗಿಲ್ಲ, ಕೆಲಸ ನಡೆಸುತ್ತಿದೆ. ಪ್ರತಿ ವರ್ಷ ಫಾಲ್ಗುಣದಲ್ಲಿ ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಿಸುತ್ತೇನೆ, ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆ. ಇ.ಸಿ.ಜಿ.ಯೂ ಆಗುತ್ತದೆ, ಹೃದಯಕ್ಕೆ ತಾಗಿದರೆ ಮುನ್ಸೂಚನೆ ಕೊಡದೆ ಕೊಲ್ಲಬಲ್ಲ ಕಾಯಿಲೆ ಇದು. ಬಿಸಿಲಿಗೆ ಛತ್ರಿ, ಉದ್ದ ತೋಳಿನ ರವಿಕೆ. ಬೇಸಿಗೆಯಲ್ಲಿ ಬೆಳಗಿನ ಪ್ರಾರ್ಥನೆಯನ್ನು ಹೆಡ್‌ಮಾಸ್ಟರು ಅರಳಿಮರದ ನೆರಳಿಗೆ ತಂದರು, ನನ್ನೊಬ್ಬಳಿಗಾಗಿ ಎಂದು ಹೇಳದೆ. ಎದುರು ಮನೆಯ ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಆ ನಡುವಿನ ವರ್ಷಗಳಲ್ಲಿ ಮತ್ತೆ ಲೆಕ್ಕಕ್ಕೆ ಬಂದ, ಅವರಮ್ಮನೇ ಕರೆತಂದು ಬಿಟ್ಟರು.

ನನ್ನ ಶಾಲೆಯ ಹತ್ತನೇ ತರಗತಿಯ ಮಕ್ಕಳಿಗೆ ವಿಟಮಿನ್ನುಗಳ ಪಾಠ ಮಾಡುವಾಗ ಡಿ ವಿಟಮಿನ್ ಎಲ್ಲರಿಗೂ ಒಂದೇ ಅಲ್ಲ ಎಂದು ಈಗ ಸೇರಿಸಿ ಹೇಳುತ್ತೇನೆ. ಔಷಧಿ ಅಂಗಡಿಯಲ್ಲಿ ಕೇಳಿದರೆ ಕೊಡುವ ಪುಡಿ ಅದು. ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ, ಕೊರತೆ ಇರುವವರಿಗೆ ಅದು ಬೇಕೇ ಬೇಕು. ನಾನು ಅದರ ವಿರುದ್ಧ ಬರೆಯುತ್ತಿಲ್ಲ.

ನಾನು ಕೇಳುವುದು ಇಷ್ಟು. ಎರಡೂ ಕಾಲ್ಗಿಣ್ಣು ಒಟ್ಟಿಗೆ ಊದಿ ಕಣಕಾಲಿನಲ್ಲಿ ನೋವಿನ ಕೆಂಪು ಗಂಟು ಎದ್ದರೆ ಎದೆಯ ಎಕ್ಸ್‌ರೇ ಒಂದನ್ನು ತೆಗೆಸಿ. ಯಾವ ತಿಂಗಳಲ್ಲಿ ಬಂತು, ಯಾವ ತಿಂಗಳಲ್ಲಿ ಹೋಯಿತು ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಟ್ಟು, ಕೇಳದಿದ್ದರೂ ವೈದ್ಯರಿಗೆ ಹೇಳಿ. ರೋಗಾಣು ಸಿಗದೆ ಕ್ಷಯದ ಮಾತ್ರೆ ಶುರುವಾಗಿ, ತಿಂಗಳಾದರೂ ಗುಣ ಕಾಣದಿದ್ದರೆ, ಮಾತ್ರೆಯನ್ನು ನೀವಾಗಿ ಬಿಡಬೇಡಿ. ಗಂಟಿನ ಚೂರು ತೆಗೆದು ನೋಡಬಹುದೇ ಎಂದು ಕೇಳಿ. ವೈದ್ಯರಲ್ಲಿ ನನ್ನ ಬೇಡಿಕೆ: ಎದೆಯಲ್ಲಿ ಗ್ರಂಥಿ ಊದಿರುವವರಿಗೆ ವಿಟಮಿನ್ ಡಿ ಬರೆಯುವ ಮೊದಲು ರಕ್ತದ ಕ್ಯಾಲ್ಸಿಯಂ ನೋಡಿ. ಅದು ಯಾವ ಊರಿನ ಲ್ಯಾಬಿನಲ್ಲೂ ಆಗುವ ಪರೀಕ್ಷೆ, ದುಬಾರಿಯದಲ್ಲ.